ಕ್ಲಚ್ ಮೇಲೆ ಯಾರ ಕಾಲು?

ದರಿಬಡಚಿ ಹಳ್ಳಿಯ ಕಿರಾಣಿ ಅಂಗಡಿಯ ಶಿವಶರಣನ ಮನೆ ಮುಂದೆ ಕಾರು ಇತ್ತು. ನಡೆಸುವವರು ಇರಲಿಲ್ಲ.

ಬೇಸಿಗೆಯಲ್ಲಿ ಅಂಗಡಿಯ ಅಟ್ಟದಿಂದ ಬೆಲ್ಲದ ಪೆಟ್ಟಿಗೆ ಇಳಿಸುವಾಗ ನಿಚ್ಚಣಿಕೆ ಜಾರಿ ಅವನ ಎಡ ಮೊಣಕಾಲು ಮುರಿದಿತ್ತು. ಡಾಕ್ಟರು ಒಳಗೆ ರಾಡು ಹಾಕಿ, ಒಂದು ವರ್ಷ ಕ್ಲಚ್ ತುಳಿಯಕೂಡದು ಎಂದು ಹೇಳಿ ಕಳಿಸಿದರು. ಕಾರಿನಲ್ಲಿ ಎಡಗಾಲಿಗೆ ಇರುವುದು ಅದೊಂದೇ ಕೆಲಸ. ಆದರೆ ಗೇರಿನ ಗಾಡಿ ಆ ಒಂದು ಕೆಲಸ ಇಲ್ಲದೆ ಒಂದು ಮಾರೂ ಮುಂದಕ್ಕೆ ಹೋಗುವುದಿಲ್ಲ.

ಅಂಗಡಿಗೆ ಸಾಮಾನು ಜತ್ತದ ಪೇಟೆಯಿಂದಲೇ ಬರಬೇಕು. ಎಂಟು ದಿನಕ್ಕೊಮ್ಮೆ ಕಾಲಿನ ವ್ಯಾಯಾಮಕ್ಕೆ ಆಸ್ಪತ್ರೆಗೂ ಹೋಗಬೇಕು. ಬಾಡಿಗೆ ಡ್ರೈವರ್ ಇವತ್ತು ಬರುತ್ತೇನೆಂದವನು ನಾಡಿದ್ದು ಬರುತ್ತಿದ್ದ. ಬಸ್ಸಿನ ಎತ್ತರದ ಮೆಟ್ಟಿಲು ಹತ್ತುವಾಗ ಶಿವಶರಣ ಹಲ್ಲು ಕಚ್ಚಿ ನೋವು ನುಂಗುವುದನ್ನು ನೋಡಿ ನೋಡಿ ಹೆಂಡತಿ ನಂದಾಳಿಗೆ ಸಾಕಾಯಿತು. ಒಂದು ಮುಂಜಾನೆ ಅವಳು ಅಂದಳು:

"ನಾನ ಗಾಡಿ ಕಲೀತೀನ್ರಿ."

ಶಿವಶರಣ ಚಹದ ಬಟ್ಟಲು ಕೆಳಗಿಟ್ಟು ನಕ್ಕ. "ಅದು ಸ್ಕೂಟಿ ಅಲ್ಲ ನಂದಾ. ಗೇರಿನ ಗಾಡಿ. ಕೈ ಒಂದ ಕಡೆ, ಕಾಲ ಒಂದ ಕಡೆ, ಕಣ್ಣ ಒಂದ ಕಡೆ. ಹೆಣ್ಮಕ್ಕಳಿಗೆ ಜಮಾಸಂಗಿಲ್ಲ."

"ಒಲಿ ಮ್ಯಾಲ ಸಾರು, ಕೈಯಾಗ ರೊಟ್ಟಿ, ಅಂಗಡ್ಯಾಗ ಗಿರಾಕಿ. ಮೂರೂ ಒಮ್ಮೆಲೇ ನೋಡ್ಕೋತೀನಲ್ರಿ? ಅದು ಹೆಂಗ ಜಮಾಸ್ತೈತಿ?"

ಅವನು ಚಹದ ಬಟ್ಟಲು ಮತ್ತೆ ಎತ್ತಿಕೊಂಡ. "ಕಲಿ ಹೋಗು. ಮುಂದ ನನ್ನ ಹೆಸರ ಹೇಳಬ್ಯಾಡ" ಅಂದ.

ನಂದಾ ಲರ್ನಿಂಗ್ ಲೈಸೆನ್ಸ್ ತೆಗೆಸಿದಳು. ಜತ್ತದಲ್ಲಿ ಒಂದು ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಇಪ್ಪತ್ತೊಂದು ದಿನದ ಪಾಠ, ದಿನಕ್ಕೆ ಅರ್ಧ ತಾಸು. ಕಲಿಸುವವನು ತುಕಾರಾಮ ಮಾಸ್ತರ್. ಮಾತು ಮೃದು, ಎಂದೂ ಸಿಟ್ಟಾದವನಲ್ಲ. "ನೀವು ಸ್ಟೇರಿಂಗ್ ನೋಡ್ರಿ ಅಕ್ಕಾರ, ಉಳಿದದ್ದಕ್ಕ ನಾ ಅದೀನಿ" ಎನ್ನುತ್ತಿದ್ದ. ಗಾಡಿ ನೀರಿನ ಮೇಲೆ ತೇಲಿದಂತೆ ಹೋಗುತ್ತಿತ್ತು. ಒಂದು ದಿನವೂ ಕುಪ್ಪಳಿಸಲಿಲ್ಲ, ಒಂದು ದಿನವೂ ಇಂಜಿನ್ ಬಂದ್ ಬೀಳಲಿಲ್ಲ. ನಂದಾಳ ಎಡಗಾಲಿನ ಕೆಳಗೆ ಕ್ಲಚ್ ತಾನಾಗಿಯೇ ಇಳಿಯುತ್ತಿತ್ತು, ತಾನಾಗಿಯೇ ಏರುತ್ತಿತ್ತು. ಅದು ಹಾಗೇ ಇರುತ್ತದೆ ಎಂದುಕೊಂಡಳು. ತನಗೆ ಗಾಡಿ ಬಂತು ಎಂದು ಒಳಗೊಳಗೇ ಹಿಗ್ಗಿದಳು.

ಹದಿನಾರು ದಿನ ಮುಗಿದ ಮೇಲೆ ಒಂದು ರವಿವಾರ ಮುಂಜಾನೆ ಮನೆಯ ಕಾರಿಗೆ ಮುಂದೊಂದು ಹಿಂದೊಂದು ಕೆಂಪು ಎಲ್ ಅಕ್ಷರದ ಚೀಟಿ ಅಂಟಿಸಿದಳು. ಲೈಸೆನ್ಸ್ ಇದ್ದ ಶಿವಶರಣ ಊರುಗೋಲು ಹಿಂದೆ ಹಾಕಿ ಪಕ್ಕದಲ್ಲಿ ಕುಳಿತ.

ಗಾಡಿ ಮೂರು ಸಲ ಬಂದ್ ಬಿದ್ದು, ನಾಲ್ಕನೆಯದಕ್ಕೆ ಜಿಗಿದು ಹೊರಟಿತು. "ನಮ್ಮ ಗಾಡಿ ಕ್ಲಚ್ ಭಾಳ ಬಿರುಸ ಐತ್ರಿ" ಎಂದಳು ನಂದಾ. ಊರು ದಾಟಿದ ಮೇಲೆ ರಸ್ತೆ ಚಲೋ ಸಾಗಿತು. ಆಮೇಲೆ ಸಣ್ಣ ಸೇತುವೆಗೆ ಹೋಗುವ ಏರು ಬಂತು. ಏರಿನ ನಡುವೆ ಊರಿನ ಮುದುಕಿ ಚಂದ್ರಾಬಾಯಿಯ ಕುರಿಹಿಂಡು ರಸ್ತೆ ದಾಟುತ್ತಿತ್ತು.

ನಂದಾ ಬ್ರೇಕ್ ತುಳಿದು ಸರಿಯಾಗಿಯೇ ನಿಲ್ಲಿಸಿದಳು. ಕುರಿಗಳು ಮುಂದಿನಿಂದ ದಾಟಿದವು, ಕೆಲವು ಹಿಂದಿನಿಂದಲೂ ದಾಟತೊಡಗಿದವು. ಮುಂದಿನ ದಾರಿ ಖಾಲಿಯಾಯಿತೆಂದು ಅವಳು ಬ್ರೇಕಿನಿಂದ ಕಾಲು ತೆಗೆದು, ಕ್ಲಚ್ ಬಿಟ್ಟು, ರೇಸ್ ಕೊಡಲು ಹೋದಳು. ಗಾಡಿ ಒಮ್ಮೆ ನಡುಗಿ ಬಂದ್ ಬಿತ್ತು. ಗಾಬರಿಯಲ್ಲಿ ಮತ್ತೆ ಕ್ಲಚ್ ತುಳಿದಳು. ಗಾಡಿ ಹಿಂದಕ್ಕೆ ಉರುಳತೊಡಗಿತು.

"ಬ್ರೇಕ್! ನಂದಾ, ಬ್ರೇಕ್!"

ಅವಳ ಕಾಲಿಗೆ ಬ್ರೇಕ್ ಸಿಗಲಿಲ್ಲ. ಹಿಂದಿನಿಂದ ಒಂದು ಚೀರಾಟ ಕೇಳಿತು. ಶಿವಶರಣ ಹ್ಯಾಂಡ್ ಬ್ರೇಕ್ ಎಳೆದ. ಗಾಡಿ ನಿಂತಿತು.

ನಂದಾ ಇಳಿದು ಓಡಿದಳು. ಹಿಂದಿನ ಗಾಲಿಯ ಪಕ್ಕದಲ್ಲಿ ಒಂದು ಕುರಿ ಕಾಲು ಮುರಿದುಕೊಂಡು ಅರಚುತ್ತಿತ್ತು. ಅದರಿಂದ ಒಂದು ಮೊಳದ ಆಚೆ ಚಂದ್ರಾಬಾಯಿ ನೆಲದ ಮೇಲೆ ಬಿದ್ದಿದ್ದಳು. ಎದೆಗೆ ಅವಚಿಕೊಂಡಿದ್ದು ಆರು ವರ್ಷದ ಮೊಮ್ಮಗಳನ್ನು. ಮರಿಯೊಂದನ್ನು ಹಿಡಿಯಲು ಗಾಡಿಯ ಹಿಂದೆ ಬಗ್ಗಿದ್ದ ಹುಡುಗಿಯ ರಟ್ಟೆ ಹಿಡಿದು ಮುದುಕಿ ಎಳೆದಿದ್ದಳು.

ನಂದಾ ಹುಡುಗಿಯ ಕೈಕಾಲು ಮುಟ್ಟಿ ನೋಡಿದಳು. "ಆಯಿ... ಕೂಸಿಗೆ ಏನ..."

"ಏನೂ ಆಗಿಲ್ಲ. ಆಗಿದ್ರ ಈಗ ನೀ ಮಾತಾಡ್ತಿದ್ದಿಲ್ಲ, ನಾನೂ ಮಾತಾಡ್ತಿದ್ದಿಲ್ಲ." ಚಂದ್ರಾಬಾಯಿ ಎದ್ದು ಸೀರೆಯ ಧೂಳು ಝಾಡಿಸಿದಳು. ಅವಳ ಮೊಣಕೈ ತರಚಿ ರಕ್ತ ಬರುತ್ತಿತ್ತು. ಕಣ್ಣುಗಳು ಮಾತ್ರ ಕೆಂಡದಂತಿದ್ದವು. "ನಿಲ್ಸಾಕ ಬರ್ತೈತಿ, ಎತ್ತಾಕ ಬರೂದಿಲ್ಲ. ಯವ್ವಾ, ನಿನಗ ಗಾಡಿ ಕಲ್ಸಿದಾಂವ ಯಾರು?"

ಶಿವಶರಣ ಕುಂಟುತ್ತ ಬಂದು ತಲೆ ತಗ್ಗಿಸಿದ. "ತಪ್ಪಾತ್ರಿ ಆಯಿ. ನಾ ಮೊದಲ ಹೇಳಿದ್ದೆ. ಹೆಣ್ಮಕ್ಕಳ ಕೈಯಾಗ ಗಾಡಿ ಕೊಡಬಾರದು ಅಂತ."

ಚಂದ್ರಾಬಾಯಿ ಅವನ ಕಡೆ ತಿರುಗಿದಳು. "ಏ ಶಿವಶರಣಾ, ನನ್ನ ಸೊಸಿ ಮಂಗಲ ಗಂಡಸೇನು? ಏಳು ವರ್ಷಾತು ಪಿಕಪ್ ಹೊಡಿಯಾಕ ಹತ್ತಿ. ಕುರಿ ತುಂಬ್ಕೊಂಡು ಹೋಗ್ತಾಳ, ದಾಳಿಂಬ್ರಿ ತುಂಬ್ಕೊಂಡು ಹೋಗ್ತಾಳ. ಒಂದ ದಿನ ಏರಿನ್ಯಾಗ ಹಿಂದ ಬಂದಿಲ್ಲ. ಹೆಣ್ಣು ಅಂತ ಗಾಡಿ ಹಿಂದ ಬರೂದಿಲ್ಲಪ್ಪಾ. ಕಲ್ಸಿಲ್ಲ ಅಂತ ಬರ್ತೈತಿ."

ನಂದಾ ಗಾಲಿಯ ಪಕ್ಕದಲ್ಲಿ ಕುಳಿತು ಕುರಿಯ ತಲೆ ಹಿಡಿದುಕೊಂಡಳು. ಮುದುಕಿ ಎರಡು ಕಡ್ಡಿ ಆಧಾರ ಕೊಟ್ಟು, ಸೀರೆಯ ಸೆರಗಿನಿಂದ ಒಂದು ಪಟ್ಟಿ ಹರಿದು, ಮುರಿದ ಕಾಲನ್ನು ಕಟ್ಟಿದಳು. ಅಷ್ಟು ಹೊತ್ತೂ ನಂದಾಳ ಕಿವಿಯಲ್ಲಿ ಒಂದೇ ಪ್ರಶ್ನೆ ಗುಂಯ್‌ಗುಡುತ್ತಿತ್ತು. ಕಲಿಸಿದವನು ಯಾರು? ಏನು ಕಲಿಸಿದ?

ಮಧ್ಯಾಹ್ನ ಅವಳು ಚಂದ್ರಾಬಾಯಿಯ ಮನೆಗೆ ಹೋದಳು. ಮಂಗಲ ಅಂಗಳದಲ್ಲಿ ಪಿಕಪ್ ತೊಳೆಯುತ್ತಿದ್ದಳು. ಆಗಿದ್ದು ಅವಳಿಗೆ ಆಗಲೇ ತಿಳಿದಿತ್ತು. ಮಗಳನ್ನು ಒಳಗೆ ಮಲಗಿಸಿ ಬಂದಿದ್ದಳು. ನಂದಾ ಕೈ ಮುಗಿದಳು. ಮಂಗಲ ಕೈಯಲ್ಲಿದ್ದ ನೀರಿನ ಮಗ್ಗನ್ನು ಬಕೆಟ್ಟಿಗೆ ಎಸೆದಳು.

"ಕೈ ಮುಗಿದ್ರ ಏನ ಉಪಯೋಗ್ರಿ ವೈನಿ? ನನಗ ಖರೇ ಹೇಳ್ರಿ. ಹಾಫ್ ಕ್ಲಚ್ ಅಂದ್ರ ಏನು?"

"ಗೊತ್ತಿಲ್ಲ."

"ಏರಿನ್ಯಾಗ ಗಾಡಿ ನಿಂತ್ರ ಹೆಂಗ ಎತ್ತಬೇಕು?"

"ಅದನ್ನ ಹೇಳಿಲ್ಲ. ಅಲ್ಲೆ ಎಂದೂ ಗಾಡಿ ನಿಂತs ಇಲ್ಲ ಮಂಗಲ. ಕ್ಲಚ್ ತಾನಾಗೇ ಏರತಿತ್ತು, ತಾನಾಗೇ ಇಳೀತಿತ್ತು."

ಮಂಗಲ ಹಣೆ ಹಣೆ ಬಡಿದುಕೊಂಡಳು. "ತಾನಾಗೇ ಅಲ್ರಿ! ಸ್ಕೂಲಿನ ಗಾಡ್ಯಾಗ ಮಾಸ್ತರನ ಕಾಲಬುಡಕನೂ ಕ್ಲಚ್, ಬ್ರೇಕ್ ಇರ್ತಾವ. ನೀವು ತಪ್ಪಿದ್ರ ಜೀವ ಉಳ್ಸಾಕಂತ ಇಟ್ಟಿದ್ದು. ಆಂವ ಹದಿನಾರು ದಿನ ತಾನ ತುಳದಾನ. ನೀವು ಅವನ ಕಾಲ ಮ್ಯಾಲ ಕಾಲಿಟ್ಟು ಕುಂತಿರಿ. ಗಾಡಿ ಹೊಡದಾಂವ ಆಂವ, ಫೀ ಕೊಟ್ಟಾಕಿ ನೀವು!"

ನಂದಾಳಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಕಲಿತೆ ಎಂದು ಹಿಗ್ಗಿದ್ದು ನೆನಪಾಗಿ ಮೈಯೆಲ್ಲ ಉರಿಯಿತು. ಮೃದುವಾಗಿ ಮಾತಾಡಿ, ನಗುನಗುತ್ತ, ಒಬ್ಬ ಮನುಷ್ಯ ಅವಳ ಕೈಗೆ ಅವಳಿಗೆ ಬಾರದ ಗಾಡಿ ಕೊಟ್ಟು ರಸ್ತೆಗೆ ಬಿಟ್ಟಿದ್ದ.

"ನಾಳೆ ನನ್ನ ಜೋಡಿ ಜತ್ತಕ್ಕ ಬರ್ತಿ ಏನು?" ಎಂದು ಕೇಳಿದಳು.

"ಬರ್ದs ಬಿಡ್ತೀನೇನ್ರಿ" ಅಂದಳು ಮಂಗಲ.

ಮರುದಿನ ಇಬ್ಬರೂ ಪಿಕಪ್ ಏರಿ ಜತ್ತಕ್ಕೆ ಹೋದರು. ಸ್ಕೂಲಿನ ಮುಂದಿನ ಬೆಂಚಿನ ಮೇಲೆ ನಾಲ್ವರು ಹೆಂಗಸರು ತಮ್ಮ ಸರದಿಗೆ ಕಾಯುತ್ತಿದ್ದರು. ಅವರಲ್ಲಿ ಅಂಗನವಾಡಿ ಶಿಕ್ಷಕಿ ಇಂದ್ರಾಬಾಯಿಯ ಪಾಠ ಆಗಲೇ ಮುಗಿದಿತ್ತು. ಮುಂದಿನ ವಾರ ಅವಳಿಗೆ ಲೈಸೆನ್ಸ್ ಪರೀಕ್ಷೆ, ಅದಕ್ಕೆ ಕೊನೆಯದೊಂದು ಅಭ್ಯಾಸಕ್ಕೆ ಬಂದಿದ್ದಳು.

ತುಕಾರಾಮ ಮಾಸ್ತರ್ ಎಂದಿನಂತೆ ನಕ್ಕ. "ಬರ್ರಿ ಅಕ್ಕಾರ, ಕುಂದ್ರಿ."

ನಂದಾ ಸ್ಕೂಲಿನ ಗಾಡಿಯ ಸ್ಟೇರಿಂಗ್ ಹಿಂದೆ ಕುಳಿತಳು. "ಮಾಸ್ತರ, ಇವತ್ತ ನಿಮ್ಮ ಎರಡೂ ಕಾಲು ಹಿಂದ ತಗೊಳ್ರಿ. ಪೆಡಲ್ ಮುಟ್ಟಬ್ಯಾಡ್ರಿ."

"ಯಾಕ್ರಿ? ಅಂಜಿಕಿ ಬರ್ತೈತಿ ನಿಮಗ."

"ನನಗಿಂತ ನಿಮಗ ಜಾಸ್ತಿ ಬಂದಂಗ ಐತಿ. ತಗೊಳ್ರಿ."

ಬೆಂಚಿನ ಮೇಲಿನ ಹೆಂಗಸರು ನೋಡುತ್ತಿದ್ದರು. ಮಾಸ್ತರ್ ಕಾಲು ಹಿಂದಕ್ಕೆ ಎಳೆದುಕೊಂಡ. ಸ್ಕೂಲಿನ ಮುಂದಿನ ಖಾಲಿ ಜಾಗ ಸಪಾಟಾಗಿತ್ತು. ಅಲ್ಲಿಯೇ ಗಾಡಿ ಏಳು ಸಲ ಕುಪ್ಪಳಿಸಿ ಏಳು ಸಲ ಬಂದ್ ಬಿತ್ತು.

"ನೋಡಿದ್ರಿಲ್ಲೊ?" ಅಂದ ಮಾಸ್ತರ್, ಗೆದ್ದವನ ಹಾಗೆ.

"ನೋಡ್ದೆ. ನೀವೂ ನೋಡ್ರಿ. ಹದಿನಾರು ದಿನದಾಗ ನೀವು ಕಲ್ಸಿದ್ದು ಇಷ್ಟು." ನಂದಾ ಇಳಿದಳು. "ಇಂದ್ರಾಬಾಯಾರ, ನಿಮ್ಮ ಕೋರ್ಸ್ ಮುಗಿದೈತಿ ಹೌದಲ್ರಿ? ನೀವು ಕುಂದ್ರಿ."

ಇಂದ್ರಾಬಾಯಿ ಹಿಂದೆಮುಂದೆ ನೋಡುತ್ತ ಕುಳಿತಳು. ಅವಳಿಗೆ ಗಾಡಿ ಒಮ್ಮೆಯೂ ಏಳಲಿಲ್ಲ. ಐದನೆಯ ಸಲ ಬಂದ್ ಬಿದ್ದಾಗ ಅವಳ ಕಣ್ಣಲ್ಲಿ ನೀರು ಬಂತು. ಅದು ದುಃಖದ ನೀರಲ್ಲ. "ಮಾಸ್ತರ, ಪರೀಕ್ಷಾದಾಗ ನಾ ಬಾಜೂಕ ಇರ್ತೀನಿ, ಕಾಳಜಿ ಮಾಡಬ್ಯಾಡ್ರಿ ಅಂದ್ರಿ. ಪರೀಕ್ಷಾ ಆದಮ್ಯಾಲ ಯಾರ ಇರ್ತಾರ? ಬರೂ ವಾರ ನನ್ನ ಎರಡೂ ಮಕ್ಕಳನ್ನ ಕುಂದರಸ್ಕೊಂಡು ತವರಮನಿಗೆ ಹೊಂಟಿದ್ದೆ ನಾನು!"

ಉಳಿದ ಮೂವರೂ ಎದ್ದು ಬಂದು ಗಾಡಿಯನ್ನು ಸುತ್ತುವರಿದರು. ಮಂಗಲ ಕೇಳಿದಳು: "ಗಂಡಸರಿಗೂ ಹಿಂಗs ಕಲಸ್ತೀರೇನು?"

ತುಕಾರಾಮನ ನಗು ಮಾಯವಾಗಿತ್ತು. "ಅವರಿಗೆ ನಾಕನೇ ದಿನಕ್ಕ ಕಾಲು ತಗೀತೀನ್ರಿ. ಹೆಣ್ಮಕ್ಕಳು ಅಂಜತಾರ. ಕ್ಲಚ್ ಹೆಂಗರ ಬಿಡ್ತಾರ. ಕ್ಲಚ್ ಪ್ಲೇಟ್ ಸುಟ್ಟು ಹೋಗ್ತೈತಿ. ಹೊಸಾದು ನಾ ಹಾಕಸ್ಬೇಕಾಕ್ಕೈತಿ."

"ಪ್ಲೇಟ್ ಸುಟ್ರ ಹೊಸಾದು ಬರ್ತೈತಿ" ಎಂದಳು ಮಂಗಲ. ಅವಳ ದನಿ ಏರಲಿಲ್ಲ. "ನಿನ್ನೆ ಈ ವೈನಿ ಗಾಡಿ ಬುಡಕ ಹೋಗಾಕಿದ್ದಾಕಿ ನನ್ನ ಮಗಳು. ಆಕಿ ಹೊಸಾಕಿ ಎಲ್ಲಿ ಸಿಗ್ತಿದ್ಲು, ಹೇಳ್ರಿ?"

ನಂದಾ ನಿಂತಲ್ಲಿಯೇ ಅಂದಳು: "ನಮಗ ಐದೂ ಮಂದಿಗೆ ಮೊದಲಿಂದ ಕಲಸ್ರಿ. ಕಾಲು ಹಿಂದಿಟ್ಕೊಂಡು. ಏರಿನ್ಯಾಗ ನಿಲ್ಸಿ ಎತ್ತೂದು, ರಿವರ್ಸ್ ತಗೊಳ್ಳೂದು, ಸಂತಿ ದಿನ ಗದ್ಲದಾಗ ಹೊಡಿಯೂದು, ಎಲ್ಲಾ. ಆಗಂಗಿಲ್ಲ ಅಂದ್ರ ಐದೂ ಮಂದಿ ಸಹಿ ಮಾಡಿ ಸಾರಿಗಿ ಕಚೇರಿಗೆ ಅರ್ಜಿ ಬರದು ಕೊಡ್ತೀವಿ."

ಅರ್ಜಿಯ ಮಾತು ಕೇಳಿದ ಮೇಲೆ ಮಾಸ್ತರ್ ಒಪ್ಪಿದ. ಮುಖ ಹುಳ್ಳಗೆ ಮಾಡಿಕೊಂಡೇ ಒಪ್ಪಿದ. ಆದರೆ ಆ ದಿನದಿಂದ ಅವನ ಕಾಲು ಹಿಂದಿತ್ತು. ಬೆಂಚಿನ ಮೇಲೆ ಕುಳಿತ ಹೆಂಗಸರು ಅದನ್ನು ನೋಡುತ್ತಲೇ ಇದ್ದರು.

ಅಷ್ಟಕ್ಕೇ ನಂದಾ ಬಿಡಲಿಲ್ಲ. ಸಂಜೆ ನಾಲ್ಕಕ್ಕೆ ಊರ ಹೊರಗಿನ ಖಾಲಿ ಬಯಲಿನಲ್ಲಿ ಮಂಗಲ ಅವಳ ಪಕ್ಕ ಕುಳಿತು ಕಲಿಸಿದಳು. ಮೊದಲ ದಿನ ರೇಸ್ ಮುಟ್ಟಗೊಡಲಿಲ್ಲ.

"ಬರೇ ಕ್ಲಚ್. ಪೂರಾ ತುಳೀರಿ. ಗೇರ್ ಹಾಕ್ರಿ. ಈಗ ಕಾಲು ಸಾವಕಾಶ ಮ್ಯಾಲ ತರ್ರಿ. ಇನ್ನೂ ಸಾವಕಾಶ. ಇಂಜಿನ್ ದನಿ ಇಳೀತು, ಕೇಳ್ತೇನ್ರಿ? ಗಾಡಿ ಚೂರು ನಡುಗ್ತು. ಅಲ್ಲೇ ಕಾಲು ನಿಲ್ಸ್ರಿ. ಇದs ಹಾಫ್ ಕ್ಲಚ್. ಈ ಜಾಗಾ ನಿಮ್ಮ ಕಾಲಿಗೆ ಗೊತ್ತಾಗಬೇಕು, ತಲಿಗೆ ಅಲ್ಲ."

ಐವತ್ತು ಸಲ, ನೂರು ಸಲ ಅದನ್ನೇ ಮಾಡಿಸಿದಳು. ನಂದಾಳ ಮೀನಖಂಡ ನೋವಿನಿಂದ ಸಿಡಿಯುತ್ತಿತ್ತು. ನಾಲ್ಕನೆಯ ದಿನ ಏರಿನಲ್ಲಿ ನಿಲ್ಲಿಸಿದರು.

"ಹ್ಯಾಂಡ್ ಬ್ರೇಕ್ ಎಳೀರಿ. ಕನ್ನಡ್ಯಾಗ ಹಿಂದ ನೋಡ್ರಿ. ಯಾರರ ಇದ್ರ ದಾಟೂ ತನಕ ತಡೀರಿ, ಅವಸರ ಯಾರಪ್ಪಂದು? ಈಗ ಮೊದಲನೇ ಗೇರು. ಕ್ಲಚ್ ಆ ಜಾಗಾಕ್ಕ ತರ್ರಿ. ಚೂರು ರೇಸ್. ಗಾಡಿ ಮುಂದ ಜಗ್ಗಾಕ ಹತ್ತೇತಿ ಅಂತ ಅನಿಸಿದ ಮ್ಯಾಲ ಹ್ಯಾಂಡ್ ಬ್ರೇಕ್ ಬಿಡ್ರಿ. ಮೊದಲ ಬಿಡಬ್ಯಾಡ್ರಿ."

ಗಾಡಿ ಒಂದು ಬೆರಳಷ್ಟೂ ಹಿಂದೆ ಬರದೆ ಏರು ಹತ್ತಿತು. ನಂದಾ ಕೂಗಿಬಿಟ್ಟಳು. ಬೇವಿನ ಮರದ ಕೆಳಗೆ ಊರುಗೋಲು ಹಿಡಿದು ನಿಂತಿದ್ದ ಶಿವಶರಣ ಕೂಗಲಿಲ್ಲ. ಮನೆಗೆ ಬರುವಾಗ ಮಾತ್ರ ಒಂದು ಮಾತು ಆಡಿದ: "ಲಾರಿ ಡ್ರೈವರ್ ಕಡಿಂದ ನಾ ಕಲೀವಾಗ ಇಷ್ಟ ಶಿಸ್ತಿಲೆ ನನಗೂ ಯಾರೂ ಹೇಳ್ಲಿಲ್ಲ ನಂದಾ."

ಪರೀಕ್ಷೆಯ ದಿನ ಶಿವಶರಣನೂ ಜೊತೆಗೆ ಹೋದ. ನಂದಾ ತಮ್ಮದೇ ಗಾಡಿ ನಡೆಸಿದಳು. ಏರು ಸರಿಯಾಗಿ ಹತ್ತಿದಳು. ರಿವರ್ಸ್ ತೆಗೆಯುವಾಗ ಹಿಂದಿನ ಗಾಲಿ ಕಂಬಕ್ಕೆ ತಗುಲಿತು. ಅಧಿಕಾರಿ ತಪ್ಪು ಎಲ್ಲಿ ಆಯಿತೆಂದು ತೋರಿಸಿ, ನಾಪಾಸ್ ಎಂದು ಬರೆದು, ಎಂಟು ದಿನ ಬಿಟ್ಟು ಮತ್ತೆ ಬರಲು ಹೇಳಿದರು.

ಸಾರಿಗೆ ಕಚೇರಿಯ ಗೇಟಿನ ಹೊರಗೆ ನಿಂತಿದ್ದ ಒಬ್ಬ ಏಜೆಂಟ್ ಶಿವಶರಣನ ಹೆಗಲ ಮೇಲೆ ಕೈ ಹಾಕಿದ. "ಅಣ್ಣಾ, ಅಕ್ಕಾರು ಮತ್ತ ಯಾಕ ತ್ರಾಸ ತಗೋಬೇಕು? ನನಗ ಹೇಳ್ರಿ. ಲೈಸೆನ್ಸ್ ಮನಿಗೆ ಬರ್ತೈತಿ."

ಶಿವಶರಣ ಆ ಕೈಯನ್ನು ಹೆಗಲಿಂದ ತೆಗೆದ. ಅವನ ಮುಖ ಕೆಂಪಾಗಿತ್ತು.

"ಏ ತಮ್ಮಾ, ನನ್ನ ಹೆಂಡತಿಗೆ ಕಾಗದ ಬೇಕಾಗಿಲ್ಲ, ಗಾಡಿ ಬರಬೇಕಾಗೇತಿ. ಏರಿನ್ಯಾಗ ಗಾಡಿ ಹಿಂದ ಬಂತಂದ್ರ ನಿನ್ನ ಕಾಗದ ತೋರ್ಸಿದ್ರ ನಿಲ್ತೈತೇನು? ಒಂದ ಕೂಸು ಸತ್ತ ಮ್ಯಾಲ ನೀ ಬಂದು ಅವರವ್ವಗ ಉತ್ತರಾ ಹೇಳ್ತಿಯೇನು? ನಡಿ ಇಲ್ಲಿಂದ! ನಾಪಾಸ ಆದ್ರ ಮತ್ತ ಕಲೀತಾಳ ಆಕಿ. ನಾನs ಬಾಜೂಕ ಕುಂದರ್ತೀನಿ."

ನಂದಾ ಗಂಡನನ್ನೇ ನೋಡಿದಳು. ಅವನು ಕಾರಿನ ಎಡಬದಿಯ ಬಾಗಿಲು ತೆಗೆದು ಕುಳಿತು, "ನಡಿ ಮನಿಗೆ. ಇವತ್ತಿಂದ ರಿವರ್ಸ್" ಅಂದ.

ಎಂಟು ದಿನ ಬಯಲಿನಲ್ಲಿ ಬಿದಿರಿನ ಗಳ ನೆಟ್ಟು ರಿವರ್ಸ್ ಕಲಿತಳು. ಎರಡನೆಯ ಸಲ ಪಾಸಾದಳು. ಪರೀಕ್ಷೆ ಮುಂದೂಡಿಸಿ ಮತ್ತೆ ಕಲಿತ ಇಂದ್ರಾಬಾಯಿ ಮರು ತಿಂಗಳು ಪಾಸಾದಳು. ಈಗ ಅಂಗಡಿಯ ಸಾಮಾನು ಹೇಳಿದ ದಿನಕ್ಕೆ ಬರುತ್ತದೆ. ಶಿವಶರಣನ ಆಸ್ಪತ್ರೆ ತಪ್ಪುವುದಿಲ್ಲ. ಚಂದ್ರಾಬಾಯಿಯ ಕುರಿಯ ಕಾಲಿಗೆ ದನದ ಡಾಕ್ಟರು ಪ್ಲಾಸ್ಟರ್ ಹಾಕಿದ್ದರು. ಅದು ಕೂಡಿತು, ಆದರೆ ಆ ಕುರಿ ಈಗಲೂ ಸ್ವಲ್ಪ ಕುಂಟುತ್ತದೆ.

ಮೊನ್ನೆ ಅಂಗಡಿಗೆ ಬಂದ ಗಿರಾಕಿಯೊಬ್ಬರು, "ನಮ್ಮ ಸೊಸಿನೂ ಗಾಡಿ ಕಲ್ಯಾಕ ಹಚ್ಚೀವ್ರಿ. ಭಾಳ ಚಲೋ ಹೊಡೀತಾಳ, ಒಮ್ಮೆನೂ ಬಂದ್ ಬಿದ್ದಿಲ್ಲ" ಎಂದು ಹೆಮ್ಮೆಯಿಂದ ಹೇಳಿದರು. ತಕ್ಕಡಿಯಲ್ಲಿ ಬೇಳೆ ಹಾಕುತ್ತಿದ್ದ ಶಿವಶರಣನ ಕೈ ನಿಂತಿತು.

"ಒಮ್ಮೆನೂ ಬಂದ್ ಬಿದ್ದಿಲ್ಲೇನ್ರಿ? ಹಂಗಾದ್ರ ನಾಳೆ ನೀವs ಹೋಗ್ರಿ. ಹಿಂದಿನ ಸೀಟಿನ್ಯಾಗ ಕುಂದ್ರಿ. ಮಾಸ್ತರನ ಕಾಲು ಎಲ್ಲಿರ್ತಾವ ನೋಡ್ಕೊಂಡ ಬರ್ರಿ."

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮ್ಮ ಮನೆಯಲ್ಲೂ ಯಾರೋ ಗಾಡಿ ಕಲಿಯುತ್ತಿರಬಹುದು. ಕಲಿಸುವವರು ಪೆಡಲ್‌ನಿಂದ ಕಾಲು ತೆಗೆಯುತ್ತಾರೆಯೇ ಎಂದು ಕೇಳಿ. ಏರಿನಲ್ಲಿ ನಿಲ್ಲಿಸಿ ಎತ್ತುವುದನ್ನು ಕಲಿಸಿದರೇ ಎಂದು ಕೇಳಿ. ಕೇಳಲು ಸಂಕೋಚಪಡಬೇಡಿ, ಅದು ನಿಮ್ಮ ಹಕ್ಕು. ಕಲಿಯುವಾಗ ಎಲ್ ಚೀಟಿ ಅಂಟಿಸಿ, ಲೈಸೆನ್ಸ್ ಇದ್ದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಗಾಡಿ ಬಂದ್ ಬಿದ್ದರೆ ನಾಚಿಕೆ ಬೇಡ, ನಾಪಾಸಾದರೂ ನಾಚಿಕೆ ಬೇಡ. ಕಲಿಯದೆ ಲೈಸೆನ್ಸ್ ಪಡೆಯುವುದಕ್ಕೆ ಮಾತ್ರ ನಾಚಿಕೆ ಪಡಿ. ಮನೆಯ ಹೆಣ್ಣುಮಗಳಿಗೆ ಗಾಡಿ ಬರುವುದಿಲ್ಲ ಎಂದು ನಗುವವರಿದ್ದರೆ, ನಗುವುದನ್ನು ಬಿಟ್ಟು ಪಕ್ಕದಲ್ಲಿ ಕುಳಿತು ಕಲಿಸಿ. ನಮ್ಮ ರಸ್ತೆಗಳ ಮೇಲೆ ನಮ್ಮದೇ ಮಕ್ಕಳು ನಡೆಯುತ್ತಾರೆ. ಸರಿಯಾಗಿ ಕಲಿಯಿರಿ, ಕಲಿತ ಮೇಲೆಯೇ ರಸ್ತೆಗೆ ಬನ್ನಿ.